ಹದಿನೈದು ತಿಂಗಳ ಸಾಲ

ಮಾರ್ಚ್ ತಿಂಗಳು ಬಂತೆಂದರೆ ಓದುವ ಮಕ್ಕಳಿರುವ ಮನೆಯ ಗಾಳಿಯೇ ಬೇರೆಯಾಗಿಬಿಡುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಮನೆಯ ಮಾತಲ್ಲ ನಾನು ಹೇಳುತ್ತಿರುವುದು. ಇನ್ನೂ ಹಾಲುಹಲ್ಲು ಬೀಳದ ಮಕ್ಕಳ ಮನೆಯ ಮಾತು. 2025ರ ಮಾರ್ಚಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ, ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಆಗ ಯುಕೆಜಿಯ ಕೊನೆಯಲ್ಲಿದ್ದಳು. ಮಧ್ಯಾಹ್ನ ಅವಳು ಮಲಗಿದ್ದಾಗ ಹೊತ್ತು ಹೋಗಲೆಂದು ಅವಳ ಚೀಲ ಬಿಚ್ಚಿ ಕುಳಿತೆ.

ನಾಲ್ಕು ಗೆರೆಯ ಇಂಗ್ಲಿಷ್ ಪುಸ್ತಕ, ಎರಡು ಗೆರೆಯ ಕನ್ನಡ ಪುಸ್ತಕ, ಚೌಕುಳಿ ಹಾಳೆಯ ಲೆಕ್ಕದ ಪುಸ್ತಕ. ಇಂಗ್ಲಿಷಿನಲ್ಲಿ ಮೂರಕ್ಷರದ ಪದಗಳು ಮುಗಿದು ಪುಟ್ಟ ವಾಕ್ಯಗಳು ಶುರುವಾಗಿದ್ದವು. ಕನ್ನಡದಲ್ಲಿ ವರ್ಣಮಾಲೆ ಮುಗಿದು ಆಟ, ಸರ, ಅಗಸ, ಗರಗಸಕ್ಕೆ ಬಂದಿತ್ತು. ಲೆಕ್ಕದಲ್ಲಿ ಒಂದರಿಂದ ನೂರು, ನೂರರಿಂದ ಹಿಂದಕ್ಕೆ ಒಂದು, ಎರಡರ ಮಗ್ಗಿ, ಬಿಟ್ಟ ಸ್ಥಳ ತುಂಬುವ ಸಂಖ್ಯೆಗಳು. ಇನ್ನೊಂದು ಪುಸ್ತಕದಲ್ಲಿ ಋತುಗಳು, ವಾಹನಗಳು, ನಮಗೆ ನೆರವಾಗುವ ಪೋಸ್ಟ್‌ಮನ್, ಡಾಕ್ಟರ್, ಪೊಲೀಸ್. ಐದೂವರೆ ವರ್ಷದ ಮಗುವಿನ ಒಂದು ವರ್ಷದ ದುಡಿಮೆ ಇದು. ಕೆಲವು ಪುಟಗಳಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತಾಗಿತ್ತು. 47 ಮತ್ತು 49ರ ನಡುವೆ ಅವಳು 84 ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯ ದಪ್ಪ ಗೀಟು. ಕೆಳಗೆ, ಹತ್ತು ಸಲ ಬರೆಯಬೇಕೆಂಬ ಸೂಚನೆ.

ಆ ರಾತ್ರಿ ಊಟಕ್ಕೆ ತಟ್ಟೆ ಇಡುವ ಕೆಲಸ ಅವಳದಾಗಿತ್ತು. ನಾಲ್ಕು ತಟ್ಟೆ ತಂದಳು. ಮೂರನ್ನು ಸಾಲಾಗಿ ಇಟ್ಟು ನಾಲ್ಕನೆಯದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲು ಹಾಕಿ ಬಂದಳು. “ಅದು ಯಾಕೆ ಪುಟ್ಟಿ?” ಎಂದೆ. “ಅಪ್ಪ ಲೇಟಾಗಿ ಬರೋದಲ್ವಾ ಅಮ್ಮಮ್ಮ, ಅಷ್ಟೊತ್ತಿಗೆ ಧೂಳು ಕೂರತ್ತೆ” ಎಂದಳು. ನಾಲ್ಕರಲ್ಲಿ ಒಂದು ಕಳೆದರೆ ಎಷ್ಟು ಎಂಬುದು ಅವಳಿಗೆ ಗೊತ್ತಿತ್ತು. ಕಳೆದ ಆ ಒಂದು ಯಾರು, ಅವರಿಗಾಗಿ ಏನು ಮಾಡಬೇಕು ಎಂಬುದೂ ಗೊತ್ತಿತ್ತು. ಆದರೆ ಅದನ್ನು ಬರೆಯಲು ಚೌಕುಳಿ ಪುಸ್ತಕದಲ್ಲಿ ಜಾಗವಿರಲಿಲ್ಲ.

ಮಗಳ ಚಿಂತೆ ಬೇರೆಯೇ ಇತ್ತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿತ್ತು; ಅದು ಜಾರಿಗೆ ಬರಬೇಕಾಗಿದ್ದದ್ದು 2025ರ ಜೂನಿನಿಂದ. ಪುಟ್ಟಿ ಹುಟ್ಟಿದ್ದು 2019ರ ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು ಕಡಿಮೆ. “ಮತ್ತೆ ಯುಕೆಜಿಯಲ್ಲೇ ಕೂರಿಸಬೇಕಂತೆ ಅಮ್ಮ. ಒಂದು ವರ್ಷ ದಂಡ” ಎಂದು ಮಗಳು ಕಣ್ಣೀರು ಹಾಕಿದಳು. ನಾನು ಸುಮ್ಮನಿದ್ದೆ. ಸುಮ್ಮನಿರಲು ನನಗೆ ಕಾರಣವಿತ್ತು.

ನನ್ನ ಮಗಳಿಗೆ ಎರಡು ಹುಟ್ಟುಹಬ್ಬ. ನಿಜವಾಗಿ ಹುಟ್ಟಿದ್ದು 1982ರ ಅಕ್ಟೋಬರಿನಲ್ಲಿ. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಆಧಾರ್, ಬ್ಯಾಂಕಿನ ಸರ್ವಿಸ್ ರಿಜಿಸ್ಟರು ಎಲ್ಲದರಲ್ಲೂ ಇರುವುದು 1981ರ ಜುಲೈ. ಹದಿನೈದು ತಿಂಗಳ ವ್ಯತ್ಯಾಸ. ಇದು ಗುಮಾಸ್ತರ ತಪ್ಪಲ್ಲ, ನಾನು ಮಾಡಿದ್ದು. 1987ರ ಜೂನಿನಲ್ಲಿ, ನಾಲ್ಕು ವರ್ಷ ಎಂಟು ತಿಂಗಳ ಮಗುವನ್ನು ಕೈಹಿಡಿದು ಶಾಲೆಗೆ ಕರೆದೊಯ್ದು “ಇವಳಿಗೆ ಮಗ್ಗಿ ಬರುತ್ತದೆ, ಪೇಪರ್ ಓದುತ್ತಾಳೆ, ಒಂದನೇ ಕ್ಲಾಸಿಗೇ ಸೇರಿಸಿಕೊಳ್ಳಿ” ಎಂದೆ. ಆಗ ಜನನ ಪ್ರಮಾಣಪತ್ರ ಕೇಳುವವರಿರಲಿಲ್ಲ. ತಾಯಿ ಹೇಳಿದ ತಾರೀಖೇ ತಾರೀಖು. ಹೆಡ್‌ಮೇಷ್ಟ್ರು ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಬರೆದುಕೊಂಡರು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇಂಥ ಎರಡು ತಾರೀಖಿನವರು ಇದ್ದಾರು.

ನನಗೆ ಹಾಗೇಕೆ ಅವಸರವಿತ್ತು? ಪಕ್ಕದ ಮನೆಯ ಮಗು ಸೇರಿತ್ತು, ಅಷ್ಟೆ. ಜೊತೆಗೆ, ಬೇಗ ಓದು ಮುಗಿಸಿದರೆ ಬೇಗ ಕೆಲಸ ಸಿಗುತ್ತದೆಂಬ ಲೆಕ್ಕ. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ ಅವಳೇ. ಬಾಯಿಪಾಠದಲ್ಲಿ ಮುಂದು, ಬರೆಯುವುದರಲ್ಲಿ ಹಿಂದು. ಬೆರಳಿಗೆ ಬಳಪ ಹಿಡಿಯುವ ಕಸುವಿರಲಿಲ್ಲ. ಉಕ್ತಲೇಖನದ ದಿನ ಹೊಟ್ಟೆನೋವು. ಮೊದಲ ವರ್ಷ ಎಷ್ಟೋ ಸಂಜೆ ಒದ್ದೆ ಲಂಗದಲ್ಲಿ ಮನೆಗೆ ಬಂದಳು. ಹೊರಗೆ ಹೋಗಲು ಕೇಳುವುದಕ್ಕೂ ಹೆದರಿಕೆ. “ಅಭ್ಯಾಸವಾಗುತ್ತದೆ” ಎಂದೆ. ಅಭ್ಯಾಸವೇನೋ ಆಯಿತು. ಆದರೆ ನಲವತ್ತು ದಾಟಿದ ಮೇಲೂ ಎಲ್ಲರೂ ಬರೆದು ಮುಗಿಸಿ ಎದ್ದು ಹೋದ ಪರೀಕ್ಷೆಯ ಹಾಲಿನಲ್ಲಿ ತಾನೊಬ್ಬಳೇ ಕುಳಿತ ಕನಸು ಬೀಳುತ್ತದಂತೆ ಅವಳಿಗೆ.

ಈ ವಯಸ್ಸಿನ ಮಕ್ಕಳು ಏನು ಕಲಿಯಬೇಕೆಂದು ಮೊದಲು ಹೇಳಿದವರು ಯಾರು? ಆ ವಸಂತದಲ್ಲಿ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಊರಿಗೆ ಮರಳಿ ಲೈಬ್ರರಿಯ ಪುಸ್ತಕಗಳನ್ನು ತಿರುವಿಹಾಕಿದೆ.

ನಮ್ಮಲ್ಲಿ ಮೊದಲು ಇದ್ದದ್ದು ಕೂಲಿಮಠ, ಐಗಳ ಮಠ. ಅಕ್ಕಿಯ ಮೇಲೆ ಬೆರಳು ಹಿಡಿಸಿ ಮೊದಲ ಅಕ್ಷರ ಬರೆಸುವುದು, ಆಮೇಲೆ ಮರಳು ಹರಡಿದ ನೆಲದ ಮೇಲೆ ತಿದ್ದುವುದು, ಕೋರಸ್ಸಿನಲ್ಲಿ ಮಗ್ಗಿ ಹೇಳುವುದು. ಮಹಾನವಮಿಯಲ್ಲಿ ಮಕ್ಕಳು ಐಗಳ ಜೊತೆ ಮನೆಮನೆಗೆ ಹೋಗಿ ಚೌಪದ ಹಾಡಿ ಗುರುವಿಗೆ ಕಾಣಿಕೆ ಕೂಡಿಸುತ್ತಿದ್ದರು. ಆದರೆ ಅದು ಹೆಚ್ಚಾಗಿ ಗಂಡುಮಕ್ಕಳ ಲೋಕ. ನನ್ನ ಅಜ್ಜಿ ಆ ಹೊಸ್ತಿಲು ತುಳಿದವರಲ್ಲ. ಅವರು ಆ ವಯಸ್ಸಿನಲ್ಲಿ ಕಲಿತದ್ದು ಚುಕ್ಕಿ ರಂಗೋಲಿ, ಚೆನ್ನೆಮಣೆ, ತಮ್ಮನನ್ನು ಕಂಕುಳಲ್ಲಿ ಹೊತ್ತು ಸಮಾಧಾನ ಮಾಡುವ ಹಾಡು. ಹೆಬ್ಬೆಟ್ಟಿನ ಅಜ್ಜಿ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದು ಚುಕ್ಕಿಯೂ ತಪ್ಪದೆ ಇಡುತ್ತಿದ್ದರು. ಇದನ್ನು ಹೊಗಳಲು ಹೇಳುತ್ತಿಲ್ಲ. ಕೈಗೆ ಅಷ್ಟು ಬುದ್ಧಿಯಿದ್ದ ಹುಡುಗಿಗೆ ಅಕ್ಷರ ಸಿಗಲಿಲ್ಲವಲ್ಲ ಎಂಬ ಸಂಕಟದಿಂದಲೇ ನನ್ನ ತಾಯಿ ನನ್ನನ್ನು ಓದಿಸಿದರು. ಅದೇ ಹಸಿವು ನನ್ನಲ್ಲಿ ಅವಸರವಾಗಿ ಬೆಳೆಯಿತೋ ಏನೋ.

ಇನ್ನು ಕಿಂಡರ್‌ಗಾರ್ಟನ್ ಎಂಬ ಮಾತು. ಕೆ.ಜಿ. ಎಂದರೆ ನಮಗೆ ಅಂಗಡಿಯ ತಕ್ಕಡಿಯೇ ಕಣ್ಣಮುಂದೆ ಬರುತ್ತದೆ. ಮೂಲದಲ್ಲಿ ಅದು ಜರ್ಮನ್ ಪದ. ಅರ್ಥ ಮಕ್ಕಳ ತೋಟ. ಆ ಹೆಸರಿಟ್ಟವನು ಫ್ರೆಡ್ರಿಕ್ ಫ್ರೋಬೆಲ್. 1782ರಲ್ಲಿ ಜರ್ಮನಿಯ ತುರಿಂಜಿಯಾ ಸೀಮೆಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆಗೆ ಚರ್ಚಿನ ಕೆಲಸ, ಮಲತಾಯಿಗೆ ತನ್ನ ಮಗು. ಹುಡುಗ ಹೆಚ್ಚು ಹೊತ್ತು ಕಳೆದದ್ದು ಗಿಡಗಳ ನಡುವೆ. ಮುಂದೆ ಅರಣ್ಯದ ಕೆಲಸ ಕಲಿತ, ಮೇಷ್ಟ್ರಾದ, ಐವತ್ತೈದು ದಾಟುವ ಹೊತ್ತಿಗೆ, 1837ರಲ್ಲಿ, ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ತಾಣ ತೆರೆದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ.

ಅಲ್ಲಿ ಮಕ್ಕಳು ಏನು ಕಲಿಯುತ್ತಿದ್ದರು? ಆರು ಬಣ್ಣದ ಉಣ್ಣೆಯ ಚೆಂಡುಗಳು. ಆಮೇಲೆ ಮರದ ಗುಂಡು, ಉರುಳೆ, ಘನ. ಆಮೇಲೆ ಎಂಟು ತುಂಡಾಗುವ, ಮತ್ತೆ ಕೂಡಿಸಿದರೆ ಒಂದಾಗುವ ಮರದ ಪೆಟ್ಟಿಗೆ. ಇವುಗಳನ್ನು ಅವನು ಪಾಠೋಪಕರಣ ಎನ್ನಲಿಲ್ಲ, ಉಡುಗೊರೆ ಎಂದ. ಕಾಗದ ಮಡಿಸುವುದು, ಪಟ್ಟಿ ಹೆಣೆಯುವುದು, ಹೊಲಿಯುವುದು, ವೃತ್ತದಲ್ಲಿ ನಿಂತು ಹಾಡುವುದು, ಪ್ರತಿ ಮಗುವೂ ತನ್ನದೇ ಪಾತಿಯಲ್ಲಿ ಬೀಜ ಹಾಕಿ ನೀರೆರೆಯುವುದು. ಮೊಳಕೆಯನ್ನು ಎಳೆದು ಉದ್ದ ಮಾಡಲಾಗದು ಎಂಬುದು ತೋಟ ಮಾಡಿದವನಿಗೆ ಗೊತ್ತಿರುತ್ತದೆ. ಅವನು ತಾಯಂದಿರಿಗಾಗಿ ಹಾಡು ಮತ್ತು ಬೆರಳಾಟಗಳ ಒಂದು ಪುಸ್ತಕವನ್ನೂ 1844ರಲ್ಲಿ ತಂದ. ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಅವರನ್ನೇ ಈ ಶಾಲೆಗಳ ಶಿಕ್ಷಕಿಯರನ್ನಾಗಿ ಮಾಡಿದ. ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಬಿಟ್ಟಿ ಚಾಕರಿಯಾಗಿದ್ದ ಕಾಲದಲ್ಲಿ ಅದೊಂದು ಕಲಿತು ಮಾಡುವ ಉದ್ಯೋಗವಾಯಿತು.

ಇಷ್ಟು ನಿರಪಾಯದ ಕೆಲಸಕ್ಕೂ ಸರ್ಕಾರ ಹೆದರಿತು ಎಂದರೆ ನಂಬುವಿರಾ? 1851ರ ಆಗಸ್ಟಿನಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಇವು ಮಕ್ಕಳಿಗೆ ನಾಸ್ತಿಕತೆ, ಸಮಾಜವಾದ ಕಲಿಸುತ್ತವೆ ಎಂಬ ಆರೋಪ. ಫ್ರೋಬೆಲನ ಅಣ್ಣನ ಮಗ ಕಾರ್ಲ್ ಬರೆದ ಒಂದು ಕಿರುಹೊತ್ತಿಗೆಯನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದರು. ಮರುವರ್ಷ, 1852ರ ಜೂನಿನಲ್ಲಿ, ಮುದುಕ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಆದರೆ ಅಷ್ಟರಲ್ಲಿ ಅವನ ಶಿಷ್ಯೆಯರು ತೋಟದ ಬೀಜವನ್ನು ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೊತ್ತೊಯ್ದಿದ್ದರು. ಅವನ ಸಮಾಧಿಯ ಮೇಲೆ ಇಂದಿಗೂ ಇರುವುದು ಅವನ ಆಟಿಕೆಗಳೇ: ಘನ, ಉರುಳೆ, ಗುಂಡು, ಒಂದರ ಮೇಲೊಂದು, ಕಲ್ಲಿನಲ್ಲಿ.

ಎರಡನೆಯ ಹೆಸರು ನಿಮಗೆ ಗೊತ್ತೇ ಇದೆ. ನಮ್ಮ ಊರುಗಳ ಬೋರ್ಡುಗಳ ಮೇಲೆಲ್ಲ ಅದು ಇದೆ. ಮರಿಯಾ ಮಾಂಟೆಸ್ಸೊರಿ ಇಟಲಿಯಲ್ಲಿ ಹೆಂಗಸರು ವೈದ್ಯರಾಗುವುದೇ ಅಪರೂಪವಾಗಿದ್ದ 1896ರಲ್ಲಿ ಡಾಕ್ಟರಾದವರು. 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡಬಗ್ಗರ ಬಡಾವಣೆಯಲ್ಲಿ, ತಂದೆತಾಯಿ ಕೂಲಿಗೆ ಹೋದಾಗ ಮೆಟ್ಟಿಲ ಗೋಡೆಗಳ ಮೇಲೆ ಗೀಚುತ್ತಿದ್ದ ಮಕ್ಕಳಿಗಾಗಿ ಮೊದಲ ಮನೆ ತೆರೆದರು. ಅಲ್ಲಿ ಮಕ್ಕಳು ಮೊದಲು ಕಲಿತದ್ದು ಕೈ ತೊಳೆಯುವುದು, ಗುಂಡಿ ಹಾಕಿಕೊಳ್ಳುವುದು, ಊಟಕ್ಕೆ ಮೇಜು ಸಜ್ಜುಮಾಡುವುದು. ಇದನ್ನು ಓದಿದಾಗ ನನಗೆ ಪುಟ್ಟಿಯ ಬೋರಲು ತಟ್ಟೆ ನೆನಪಾಯಿತು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುತ್ತಿದ್ದರು. ಹೀಗೆ ಆಡಿ ಆಡಿ ಕೈ ಪಳಗಿದ ಮಕ್ಕಳು ಒಂದು ದಿನ ಯಾರೂ ಹೇಳದೆ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದರಂತೆ. ನಮ್ಮ ಮಠದ ಮರಳಿಗೂ ಆ ಉಪ್ಪುಕಾಗದಕ್ಕೂ ದೂರದ ನೆಂಟಸ್ತಿಕೆಯಿದೆ. ಬೆರಳು ಮೊದಲು, ಪೆನ್ಸಿಲ್ ಆಮೇಲೆ.

ಈ ಮಹಾತಾಯಿಯ ಬದುಕಿನ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. 1898ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ, ಮಾರಿಯೊ. ಮದುವೆಯಾಗಿರಲಿಲ್ಲ. ಮಗುವನ್ನು ಹಳ್ಳಿಯ ಕುಟುಂಬವೊಂದರಲ್ಲಿ ಗುಟ್ಟಾಗಿ ಬೆಳೆಯಲು ಬಿಟ್ಟರು. ಪ್ರಪಂಚದ ಮಕ್ಕಳ ಮೊದಲ ಆರು ವರ್ಷಗಳನ್ನು ಕಣ್ಣಿಟ್ಟು ನೋಡಿದ ಹೆಂಗಸಿಗೆ ತನ್ನ ಮಗನ ಆ ವರ್ಷಗಳು ಸಿಗಲಿಲ್ಲ. ಹದಿಹರೆಯದಲ್ಲಿ ಅವನು ತಾಯಿಯ ಬಳಿಗೆ ಬಂದ. ಆಗಲೂ ಜನರ ಮುಂದೆ ಮಗ ಎನ್ನುವಂತಿರಲಿಲ್ಲ. 1939ರಲ್ಲಿ ಇಬ್ಬರೂ ಮದರಾಸಿನ ಅಡಯಾರ್‌ಗೆ, ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಬಂದರು. ಮೊದಲ ತರಬೇತಿಗೇ ಮುನ್ನೂರಕ್ಕೂ ಹೆಚ್ಚು ಜನ ಸೇರಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಶತ್ರುದೇಶದವನೆಂದು ಮಾರಿಯೊನನ್ನು ಬಂಧಿಸಿದರು. 1940ರ ಆಗಸ್ಟ್ 31, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವನನ್ನು ಬಿಟ್ಟುಕೊಟ್ಟರು. ವೈಸರಾಯ್ ಕಳುಹಿಸಿದ ಸಂದೇಶದಲ್ಲಿ ಅವನನ್ನು ಅವರ ಮಗ ಎಂದೇ ಕರೆದಿತ್ತಂತೆ. ಮುಂದೆ ಕೊಡೈಕೆನಾಲ್‌ನಲ್ಲೂ ಇದ್ದು, 1949ರಲ್ಲಿ ಭಾರತ ಬಿಡುವ ಹೊತ್ತಿಗೆ ಅವರು ಇಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದ್ದರು.

ಒಬ್ಬನಿಗೆ ತಾಯಿ ಸಿಗಲಿಲ್ಲ, ಒಬ್ಬಳಿಗೆ ಮಗುವಿನ ಬಾಲ್ಯ ಸಿಗಲಿಲ್ಲ. ಆ ಕಾರಣಕ್ಕೇ ಅವರು ಶಾಲೆ ಕಟ್ಟಿದರೆಂದು ಹೇಳುವುದು ಸುಲಭದ ಮಾತಾದೀತು. ಆದರೂ ಕಳೆದುಕೊಂಡವರಿಗೇ ಅದರ ಬೆಲೆ ಗೊತ್ತಿರುತ್ತದೆ ಎಂಬುದು ನನ್ನ ಅನುಭವದ ಮಾತು.

ಇವರಿಬ್ಬರೂ ಹೊರಗಿನವರು, ನಮ್ಮವರು ಏನು ಮಾಡಿದರು ಎನ್ನಬೇಡಿ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ತಮ್ಮ ಮಗನ ಓದಿನ ಚಿಂತೆಯಲ್ಲಿ ಮಾಂಟೆಸ್ಸೊರಿಯವರ ಪುಸ್ತಕ ಓದಿ, ವಕೀಲಿ ಬಿಟ್ಟು, 1920ರಲ್ಲಿ ಬಾಲಮಂದಿರ ತೆರೆದರು. ಜನ ಅವರನ್ನು ಮೀಸೆಯ ಅಮ್ಮ ಎಂದೇ ಕರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಮಾಡಿದಾಗ ಬಡ ಬುಡಕಟ್ಟಿನ ಮಕ್ಕಳು ಬರಲೇ ಇಲ್ಲ. ಮಕ್ಕಳು ಬರದಿದ್ದರೆ ಶಾಲೆಯೇ ಹೋಗಲಿ ಎಂದು ಅವರೂ ಅನುತಾಯಿ ವಾಘ್ ಅವರೂ ಕೇರಿಯ ಅಂಗಳಕ್ಕೇ ಹೋದರು. ಕಲ್ಲು, ಎಲೆ, ಬೀಜ, ಚಿಪ್ಪುಗಳೇ ಅಲ್ಲಿನ ಉಪಕರಣ. ಅಂಗನವಾಡಿ ಎಂಬ ಕಲ್ಪನೆ ಬೆಳೆದದ್ದು ಇಂಥ ಅಂಗಳಗಳಿಂದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟವನ್ನೂ, ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಮಾಡಿದ ಪ್ರಯೋಗಗಳನ್ನೂ ಈ ಸಾಲಿನಲ್ಲೇ ನೆನೆಯಬೇಕು.

ಹಾಗಾದರೆ ಚೌಕುಳಿ ಪುಸ್ತಕ ಎಲ್ಲಿಂದ ಬಂತು? ಅದನ್ನು ಯಾವ ಮಹಾನುಭಾವರೂ ತರಲಿಲ್ಲ. ನಮ್ಮಂಥ ತಾಯಂದಿರು ತಂದೆವು. ಒಂದನೇ ತರಗತಿಯ ಸೀಟಿಗೆ ಪೈಪೋಟಿ ಹೆಚ್ಚಾಯಿತು. ಸೀಟಿಗೆ ಪರೀಕ್ಷೆ ಬಂತು. ಪರೀಕ್ಷೆಗಾಗಿ ಒಂದನೇ ತರಗತಿಯ ಪಾಠ ಯುಕೆಜಿಗೆ ಇಳಿಯಿತು, ಯುಕೆಜಿಯದು ಎಲ್ಕೆಜಿಗೆ ಇಳಿಯಿತು. ಮಣ್ಣು, ಮರಳು, ಚೆಂಡು ಹಿಡಿಯುವ ಶಾಲೆಯನ್ನು ನೋಡಿ “ಇಲ್ಲಿ ಏನೂ ಕಲಿಸೋದಿಲ್ಲ” ಎಂದು ಮಗುವನ್ನು ಬಿಡಿಸಿಕೊಂಡು ಬಂದವರು ನಾವೇ. ಮೈಸೂರಿನ ಆರ್.ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಪುಟ್ಟ ಬೆನ್ನುಗಳ ಮೇಲಿನ ದೊಡ್ಡ ಚೀಲಗಳ ಬಗ್ಗೆ ಮಾತನಾಡಿದರು. ಆ ಚರ್ಚೆ ಬೆಳೆದು ಪ್ರೊ. ಯಶಪಾಲ್ ಸಮಿತಿ ನೇಮಕವಾಯಿತು. 1993ರ ಅದರ ವರದಿ, ಚೀಲದ ತೂಕಕ್ಕಿಂತ ಅರ್ಥವಾಗದ ಕಲಿಕೆಯ ಹೊರೆಯೇ ದೊಡ್ಡದು ಎಂದಿತು. ನರ್ಸರಿ ಪ್ರವೇಶದ ಪರೀಕ್ಷೆ, ಸಂದರ್ಶನಗಳು ನಿಲ್ಲಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲೆಗೆ ಸೇರಿಸಿಕೊಳ್ಳಲು ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸಿತು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದಿತು. ಆರು ವರ್ಷದ ಆದೇಶವೂ ಈ ದಾರಿಯಲ್ಲೇ ಬಂದದ್ದು. ಕಾಗದದ ಮೇಲೆ ನಾವು ಫ್ರೋಬೆಲನ ತೋಟಕ್ಕೆ ಮರಳಿದ್ದೇವೆ. ಪುಸ್ತಕದ ಚೀಲದಲ್ಲಿ ಇನ್ನೂ ಮರಳಿಲ್ಲ.

2025ರ ಏಪ್ರಿಲ್ ಮಧ್ಯದಲ್ಲಿ ಮಗಳ ಫೋನ್ ಬಂತು. ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕೆಂದು ಸರ್ಕಾರ ಸಡಿಲಿಸಿತ್ತು. ಪುಟ್ಟಿಗೆ ಬಾಗಿಲು ತೆರೆದಿತ್ತು. ಸಂತೋಷದ ದನಿ ನಿರೀಕ್ಷಿಸಿದ್ದೆ. ಆದರೆ ಅವಳು, “ಈಗ ನಿರ್ಧಾರ ನಮ್ಮದೇ ಆಯ್ತಲ್ಲ ಅಮ್ಮ. ನೀನೇ ಹೇಳು, ಕಳಿಸಲಾ?” ಎಂದಳು.

“ನನ್ನನ್ನು ಕೇಳಬೇಡ ಮಗಳೇ. ನಾನು ಒಂದು ಸಲ ಹೇಳಿ ಆಗಿದೆ” ಎಂದೆ. ಆಮೇಲೆ ಮೂವತ್ತೆಂಟು ವರ್ಷ ಹೇಳದೆ ಇದ್ದದ್ದನ್ನು ಹೇಳಿದೆ. ಆ ಜೂನ್ ತಿಂಗಳು ಹೆಡ್‌ಮೇಷ್ಟ್ರ ಮೇಜಿನ ಮುಂದೆ ಸುಳ್ಳು ತಾರೀಖು ಹೇಳುವಾಗ ಅವಳು ನನ್ನ ಸೆರಗು ಎಳೆದು, “ಅಲ್ಲ ಅಮ್ಮ, ನಂದು ನವರಾತ್ರಿಲಿ” ಎಂದಿದ್ದಳು. ನಾನು ಅವಳ ಕೈ ಅದುಮಿ ಸುಮ್ಮನಾಗಿಸಿದ್ದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ನಗುತ್ತಲೇ ಅಂದಳು: “ರಿಟೈರ್‌ಮೆಂಟೂ ಹದಿನೈದು ತಿಂಗಳು ಮೊದಲೇ ಬರತ್ತೆ, ಗೊತ್ತಾ? ಅಷ್ಟು ಸಂಬಳ ನೀನೇ ಕೊಡಬೇಕು.” ನಗು ನಿಲ್ಲಿಸಿ, “ಇವಳಿಗೆ ಆ ವರ್ಷ ಇರಲಿ ಬಿಡು” ಎಂದಳು.

ಅದು ಸುಲಭದ ವರ್ಷವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಗೆಳತಿಯರೆಲ್ಲ ಮೇಲಿನ ಕ್ಲಾಸಿಗೆ ಹೋದರೆಂದು ಪುಟ್ಟಿ ಅತ್ತಳು. “ಫೇಲಾದಳಾ?” ಎಂದು ಕೇಳಿದ ನೆಂಟರಿಗೆ ಮಗಳು ಉತ್ತರ ಕೊಟ್ಟು ಕೊಟ್ಟು ದಣಿದಳು. ಒಂದು ವರ್ಷದ ಫೀಸು ಹೆಚ್ಚಾಯಿತು. ಹಳೆಯ ಶಾಲೆ ಬಿಡಿಸಿ, ಮನೆಯ ಹತ್ತಿರದ ಚಿಕ್ಕ ಶಿಶುವಿಹಾರಕ್ಕೆ ಹಾಕಿದರು. ಅಲ್ಲಿ ಒಂದು ಮರಳಿನ ಗುಂಡಿಯಿದೆ, ನಾಲ್ಕು ದಾಸವಾಳದ ಗಿಡವಿದೆ, ಅಷ್ಟೆ.

2026ರ ಮಾರ್ಚಿನಲ್ಲಿ ಮತ್ತೆ ಹೋದೆ. ಈ ಸಲ ಚೀಲ ಬಿಚ್ಚಲಿಲ್ಲ. ಅಟ್ಟದಿಂದ ಅಜ್ಜಿಯ ಚೆನ್ನೆಮಣೆ ಇಳಿಸಿ ತೊಳೆದು ಒಯ್ದಿದ್ದೆ, ಜೊತೆಗೆ ಒಂದು ಡಬ್ಬಿ ಹುಣಸೆಬೀಜ. ಆರು ತುಂಬಿ ಐದು ತಿಂಗಳಾದ ಪುಟ್ಟಿ ಮುಂದಿನ ಎರಡು ಹಲ್ಲು ಬಿದ್ದ ಬಾಯಲ್ಲಿ ಎಣಿಸುತ್ತ ಮನೆಯಿಂದ ಮನೆಗೆ ಬೀಜ ಹಾಕಿದಳು. ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆಂದು ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದಳು. ಹೇಳಿಕೊಡದೆ ನಾಲ್ಕು ಸಾಲು ಕನ್ನಡ ಓದಿದಳು. 48 ಅನ್ನು 48 ಎಂದೇ ಬರೆದಳು. ಯಾರೂ ಹತ್ತು ಸಲ ಬರೆಸಿರಲಿಲ್ಲವಂತೆ. ಮಾಗಿದ ಮೇಲೆ ತಾನಾಗಿ ಬಂದಿತ್ತು.

ನಾನು ಒಂದು ಮನೆಯ ಬೀಜ ಎತ್ತಿ ಹಾಕದೆ ಯೋಚಿಸುತ್ತ ಕುಳಿತಿದ್ದೆ. ಬ್ಯಾಂಕಿನಿಂದ ಬಂದ ಮಗಳು ಚಪ್ಪಲಿ ಬಿಟ್ಟು, ಬಾಗಿಲಲ್ಲೇ ನಿಂತು, “ಬೇಗ ಆಡು ಅಮ್ಮ” ಎಂದಳು.

“ಅವಸರ ಮಾಡಬೇಡ ಅಮ್ಮಾ” ಎಂದಳು ಪುಟ್ಟಿ. “ಅಮ್ಮಮ್ಮ ಎಣಿಸ್ತಾ ಇದಾಳೆ.”